ಎರಡು ಎಡತೋಳಿನ ಕೋಟು

ಅಂಗಡಿಯಿಂದ, ಕಟಿಂಗ್ ಮೇಜಿನ ಮೇಲೆ ಬರೆದದ್ದು
ಸೆಪ್ಟೆಂಬರ್ ೧೦, ಬುಧವಾರ ಮಧ್ಯಾಹ್ನ

ಪ್ರೀತಿಯ ಕತ್ತರಿರಾಯನಿಗೆ,

ನಿನ್ನ ಅಕ್ಕನ ಆಶೀರ್ವಾದ, ಜೊತೆಗೆ ಬೆನ್ನಿಗೆ ಒಂದು ಸಣ್ಣ ಗುದ್ದು. ಆಶೀರ್ವಾದ ಯಾಕೆ ಅಂತ ನಿನಗೆ ಗೊತ್ತು, ಗುದ್ದು ಯಾಕೆ ಅಂತ ಮುಂದೆ ಓದಿದರೆ ತಿಳಿಯುತ್ತದೆ. ನಾವೆಲ್ಲ ಕ್ಷೇಮ. ನೀನು ಹೊಟ್ಟೆತುಂಬ ಉಣ್ಣುತ್ತಿದ್ದೀಯ, ಮುಖಕ್ಕೆ ಸ್ವಲ್ಪ ಕಳೆ ಬಂದಿದೆ ಎಂದು ಅಲ್ಲಿಯ ಕೌನ್ಸೆಲರ್ ಮೇಡಂ ಫೋನಿನಲ್ಲಿ ಹೇಳಿದರು. ಕೇಳಿ ಸಮಾಧಾನವಾಯಿತು.

ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಸ್ಕೂಲ್ ಯೂನಿಫಾರ್ಮುಗಳು ಒಟ್ಟಿಗೆ ಬಂದು ಬಿದ್ದಿವೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಇದು ನೆಪ ಅಂತ ನಿನಗೂ ಗೊತ್ತಾಗುತ್ತದೆ, ಬಿಡು. ನಿಜ ಏನೆಂದರೆ ಬರೆದು ಬರೆದು ಹರಿದು ಹಾಕಿದೆ. ಒಮ್ಮೆ ಬರೀ ಬೈಗುಳವಾಯಿತು, ಇನ್ನೊಮ್ಮೆ ಬರೀ ಅಳುವಾಯಿತು. ನಿನ್ನನ್ನು ಫೋನಿನಿಂದ ದೂರ ಇಡಲಿಕ್ಕೇ ಆ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದು, ಅದಕ್ಕೆ ನನಗೆ ಕಾಗದ ಬರೆಯುವ ಶಿಕ್ಷೆ!

ನೀನು ಕೇಳಿದ್ದು ಎರಡು. ಒಂದು, ಭಾನುವಾರ ನಾನು ಬಂದು ಸಹಿ ಹಾಕಿ ನಿನ್ನನ್ನು ಮನೆಗೆ ಕರೆತರಬೇಕು. ಎರಡು, ಹೊತ್ತು ಕಳೆಯಲು ಏನಾದರೂ ಹೊಲಿಯುತ್ತೇನೆ, ಒಂದು ಡಬ್ಬಿ ಗುಂಡಿ ಕಳಿಸು, ಎಲ್ಲ ಒಂದೇ ಅಳತೆಯವು ಇರಲಿ, ಬಿಳಿ, ಕೆಂಪು, ನೀಲಿ, ಕಪ್ಪು, ಒಂದೊಂದು ಬಣ್ಣದಲ್ಲೂ ಜಾಸ್ತಿಯೇ ಇರಲಿ.

ಮೊದಲು ಗುಂಡಿಯ ವಿಷಯ. ಕಾಗದ ಓದಿ ನಾನು ಡಬ್ಬಿಯನ್ನೂ ತೆಗೆದಿದ್ದೆ ಕಣೋ. ಪಾಪ, ಹುಡುಗನಿಗೆ ಕೈ ಕಟ್ಟಿ ಹಾಕಿದಂತಾಗಿದೆ, ಏನೋ ಹೊಲಿಯಲಿ ಎಂದುಕೊಂಡು ಬಿಳಿಯದನ್ನು ಒಂದು ಕಡೆ, ಕೆಂಪನ್ನು ಒಂದು ಕಡೆ ಗುಡ್ಡೆ ಹಾಕಿದೆ. ಹಾಕುತ್ತಾ ಹಾಕುತ್ತಾ ಕೈ ನಿಂತಿತು. ಒಂದು ಅಂಗಿಗೆ ಒಂದು ಬಣ್ಣದ ಗುಂಡಿ ಹಚ್ಚುತ್ತಾರೆ. ಒಂದೇ ಅಳತೆಯಲ್ಲಿ ನಾಲ್ಕು ಬಣ್ಣ ಕೇಳುವವನು ಯಾವ ದರ್ಜಿ? ಗುಡ್ಡೆಗಳನ್ನು ನೋಡಿದರೆ ನಿನ್ನ ಫೋನಿನಲ್ಲಿ ಕಾಣುತ್ತಿದ್ದ, ಪಣದ ಬಣ್ಣಬಣ್ಣದ ಬಿಲ್ಲೆ ಗುಡ್ಡೆ ಹಾಕಿದ ಆ ಪೋಕರ್ ಮೇಜಿನಂತೆಯೇ ಇತ್ತು. ಲೇ, ನನ್ನ ಕಿವಿಗೆ ಹೂವಿಡುವುದಾದರೆ ಬೇರೆ ಏನಾದರೂ ಕೇಳಬೇಕಿತ್ತು. ಹುಟ್ಟಿದಾಗಿನಿಂದ ಗುಂಡಿಗಳ ನಡುವೆ ಬೆಳೆದವಳ ಹತ್ತಿರ ಗುಂಡಿ ಕೇಳುತ್ತಾರೇನೋ ಪೆದ್ದಾ! ಒಬ್ಬಳೇ ಕೂತು ಗಹಗಹಿಸಿ ನಕ್ಕೆ. ಆಮೇಲೆ ನಿನ್ನ ಕಾಗದದ ಕೊನೆಯ ತಮಾಷೆ ನೆನಪಾಯಿತು. ನಿನ್ನ ಜೊತೆ ಅಲ್ಲಿರುವ ಲಾಟರಿ ಮಾಮ, ಕುದುರೆ ಮಾಮ ಇಬ್ಬರಿಗೂ ಆಟ ಕಲಿಸಿ, ಅವರ ಸಂಜೆಯ ಬಿಸ್ಕತ್ತನ್ನೆಲ್ಲ ಗೆದ್ದುಕೊಂಡೆ ಎಂದು ಬರೆದಿದ್ದೆಯಲ್ಲ. ನಗು ಅಲ್ಲಿಗೇ ನಿಂತಿತು.

ಗುಂಡಿ ಕಳಿಸುತ್ತಿಲ್ಲ. ಮೇಡಮ್ಮನಿಗೆ ಫೋನ್ ಮಾಡಿ ಗುಂಡಿಯ ಕಥೆ, ಬಿಸ್ಕತ್ತಿನ ಕಥೆ ಎರಡನ್ನೂ ಹೇಳಿದ್ದೇನೆ. ಚಾಡಿಕೋರಿ ಅಂತ ಬೈದುಕೋ, ಪರವಾಗಿಲ್ಲ. ಅವರನ್ನು ಕೇಳಿಯೇ ಪುಟ್ಟಿಯ ಫ್ರಾಕು, ಸೂಜಿ, ದಾರ ಕಳಿಸಿದ್ದೇನೆ. ಅಂಚು ಮಡಿಚಿ ಕೈಹೊಲಿಗೆ ಹಾಕು. ನಿನ್ನ ಮಗಳು ಹೇಳಿ ಕಳಿಸಿದ್ದು ಇದು: ‘ಅಪ್ಪ ಉದ್ದುದ್ದ ಹೊಲಿಗೆ ಹಾಕಿದ್ರೆ ನಾನು ಹಾಕ್ಕೊಳಲ್ಲ, ಹೇಳಿಬಿಡಿ ಅತ್ತೆ.’ ನನ್ನ ಸೋದರ ಸೊಸೆ ಅಂದರೆ ಹೀಗಿರಬೇಕು.

ಇನ್ನು ಮನೆಯ ಸುದ್ದಿ. ನಿನ್ನ ಹೆಂಡತಿ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ, ಸಂಜೆ ಅಂಗಡಿಗೆ ಬಂದು ಬಿಲ್ಲು ಬರೆಯುತ್ತಾಳೆ, ಈಗೀಗ ನನ್ನ ಜೊತೆ ಜಗಳವನ್ನೂ ಆಡುತ್ತಾಳೆ. ನಡುವೆ ಕೆಲವು ತಿಂಗಳು ಯಾರೇನೆಂದರೂ ‘ಸರಿ’ ಅನ್ನುತ್ತಿದ್ದಳು, ನೆನಪಿದೆಯಾ? ದುಡ್ಡಿನ ಮಾತು ಈ ಕಾಗದದಲ್ಲಿ ಬೇಡ, ಅದನ್ನು ನಾವಿಬ್ಬರೂ ನೋಡಿಕೊಳ್ಳುತ್ತೇವೆ. ನಿನ್ನ ಜಾಗಕ್ಕೆ ಸದ್ಯಕ್ಕೆ ಒಬ್ಬ ಮೀಸೆ ಮಾಸ್ತರು ಬರುತ್ತಿದ್ದಾರೆ. ಕೈ ಚೆನ್ನಾಗಿದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಬಟ್ಟೆ ಕತ್ತರಿಸುವ ಮೊದಲು ಇಲ್ಲಿ ಒಬ್ಬರನ್ನು ಕೇಳಬೇಕು ಎಂದಾಗ ಮೀಸೆ ನೆಟ್ಟಗಾಯಿತು. ‘ನಾನೇನು ಕಲಿಯೋಕೆ ಬಂದಿದೀನೇನಮ್ಮ?’ ಅಂದರು. ‘ನಮ್ಮಪ್ಪನೂ ಕೇಳ್ತಿದ್ದ ಮಾಸ್ತರೇ, ನೀವೇನು ದೊಡ್ಡೋರು?’ ಅಂದೆ. ಈಗ ತೆಪ್ಪಗೆ ಕೇಳುತ್ತಾರೆ.

ಅಪ್ಪ ಮಾಡಿಟ್ಟ ಆ ಪದ್ಧತಿಯನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಎಂಥ ಕೈಚಳಕದವನೇ ಇರಲಿ, ಕತ್ತರಿ ಬಾಯಿ ತೆರೆಯುವ ಮೊದಲು ಗಟ್ಟಿಯಾಗಿ ‘ಹಾಕಲಾ?’ ಅನ್ನಬೇಕು. ಇನ್ನೊಬ್ಬರು ಎದ್ದು ಬಂದು ಸೀಮೆಸುಣ್ಣದ ಗೆರೆ ನೋಡಿ ‘ಹಾಕು’ ಅನ್ನಬೇಕು. ಆಮೇಲೆಯೇ ಕತ್ತರಿ. ನೋಡುವ ಕೆಲಸ ಅಮ್ಮನದು. ಸ್ಟೂಲಿನ ಮೇಲೆ ಗುಂಡಿಗೆ ಕಾಜಾ ಹೊಲಿಯುತ್ತಾ ಕೂತಿರುತ್ತಿದ್ದಳು, ನೀನು ಕೂಗಿದೊಡನೆ ಸೂಜಿಯನ್ನು ಸೆರಗಿಗೆ ಚುಚ್ಚಿ ಏಳುತ್ತಿದ್ದಳು. ಚಿಕ್ಕವನಿದ್ದಾಗ ನೀನು ಉಗುರು ಕತ್ತರಿಸಿಕೊಳ್ಳುವಾಗಲೂ ‘ಹಾಕಲಾ’ ಅಂತ ಕೂಗಿ ಅವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ.

ಈಗ ಭಾನುವಾರದ ಮಾತಿಗೆ ಬರುತ್ತೇನೆ. ನೀನು ಬರೆದಿದ್ದೀಯ: ‘ಅಕ್ಕಾ, ಇಲ್ಲಿರೋರೆಲ್ಲ ಅದೃಷ್ಟ ನಂಬಿ ಕೆಟ್ಟೋರು. ನನ್ನದು ಹಾಗಲ್ಲ, ಪೋಕರ್ ಅಂದ್ರೆ ಬುದ್ಧಿಯ ಆಟ. ನಾನು ಆಟಗಾರ, ಜೂಜುಕೋರ ಅಲ್ಲ.’ ಆಗಲಪ್ಪ. ನನಗೆ ಇಸ್ಪೀಟಿನಲ್ಲಿ ರಾಜ ಯಾರು ಗುಲಾಮ ಯಾರು ಅನ್ನುವುದೇ ಸರಿಯಾಗಿ ಗೊತ್ತಿಲ್ಲ, ನಿನ್ನ ಬುದ್ಧಿಯನ್ನು ಅಳೆಯಲು ನಾನ್ಯಾರು? ನೀನು ಜಾಣ ಆಟಗಾರನೇ ಇರಬಹುದು. ಆದರೆ ನೀನೇ ಒಂದು ದಿನ ಟೀ ಕುಡಿಯುತ್ತಾ ಹೇಳಿದ್ದೆ, ‘ಒಳ್ಳೆ ಆಟಗಾರ ಕೈಗೆ ಬಂದಿದ್ದನ್ನೆಲ್ಲ ಆಡಲ್ಲ ಅಕ್ಕಾ, ಬಿಸಾಕ್ತಾನೆ’ ಅಂತ. ಎಲೆ ಬಿಸಾಕುವುದು ನಿನಗೆ ಚೆನ್ನಾಗಿ ಬರುತ್ತದೆ. ಎದ್ದು ಬರುವುದು ಬರುವುದಿಲ್ಲ. ಸೋತ ದಿನ ಸೋತದ್ದನ್ನು ಎತ್ತಲು ಕೂತೆ. ಗೆದ್ದ ದಿನ ಕೈ ಚೆನ್ನಾಗಿದೆ ಅಂತ ಕೂತೆ. ಸೋತೆಯೋ ಗೆದ್ದೆಯೋ ಅಂತ ನಿನ್ನ ಮುಖ ನೋಡಿ ಹೇಳಲು ಮೊದಮೊದಲು ನಮಗೆ ಬರುತ್ತಿತ್ತು. ಕೊನೆಕೊನೆಗೆ ಎರಡಕ್ಕೂ ಒಂದೇ ಮುಖ. ನಿನ್ನ ಹೆಂಡತಿಗೆ ಭಯ ಹುಟ್ಟಿದ್ದೇ ಆಗ. ‘ಗೆದ್ದಾಗಲೂ ನಗ್ತಿಲ್ಲ ಅತ್ತಿಗೆ, ಇದು ಆಟ ಅಲ್ಲ’ ಅಂದಳು. ಸಹಾಯವಾಣಿಗೆ ಮೊದಲು ಫೋನ್ ಮಾಡಿದವಳೂ ಅವಳೇ. ನಿನ್ನನ್ನು ಹಿಡಿದುಕೊಡಲು ಮಾಡಲಿಲ್ಲ ಕಣೋ, ಏನು ಮಾಡಬೇಕು ಅಂತ ತಿಳಿಯದೆ ಮಾಡಿದಳು.

ಆಮೇಲೆ ಆ ಕೋಟು. ನಿವೃತ್ತ ಹೆಡ್‌ಮಿಸ್ ತಂದುಕೊಟ್ಟ ಬಟ್ಟೆ, ಅವರ ಯಜಮಾನರು ಕೊಂಡು ತಂದು ಹೊಲಿಸುವ ಮೊದಲೇ ಹೋಗಿಬಿಟ್ಟರಲ್ಲ, ಅದು. ‘ನನಗೇ ಒಂದು ಕೋಟು ಮಾಡಿಕೊಡಿ, ಅವರು ತಂದದ್ದು ಮೈಮೇಲಿರಲಿ’ ಅಂದಿದ್ದರು. ದಪ್ಪ ಬಟ್ಟೆ, ಮಡಚದೆ ಒಂಟಿ ಪದರದಲ್ಲೇ ಕತ್ತರಿಸಬೇಕು. ಒಂದು ತೋಳು ಗೆರೆ ಹಾಕಿದ ಮೇಲೆ ಕಾಗದದ ಅಚ್ಚನ್ನು ಮಗುಚಿ ಇಟ್ಟು ಇನ್ನೊಂದಕ್ಕೆ ಗೆರೆ ಹಾಕಬೇಕು. ನೀನು ಮಗುಚಲೇ ಇಲ್ಲ. ಎರಡೂ ಎಡತೋಳು! ಬಟ್ಟೆಯ ಒಳಮೈ ಹೊರಮೈ ಬೇರೆ ಬೇರೆ, ತಿರುಗಿಸಿ ಹಚ್ಚುವ ಹಾಗೂ ಇಲ್ಲ, ಅಂಥ ಬಟ್ಟೆ ಮತ್ತೆ ಸಿಗುವ ಹಾಗೂ ಇಲ್ಲ. ಮೇಜಿನ ಕೆಳಗಿನ ಹಲಗೆಯ ಮೇಲೆ ನಿನ್ನ ಫೋನು ಇನ್ನೂ ಬೆಳಗುತ್ತಿತ್ತು. ನಾನು ಕೇಳಿದ್ದಕ್ಕೆ ನೀನು, ‘ಹಾಕಲಾ ಅಂದೆ, ಅಮ್ಮ ನೋಡಿ ಹಾಕು ಅಂದ್ಲು’ ಅಂದೆ. ಅಮ್ಮ ನಿನ್ನ ಮುಖ ನೋಡಿ, ‘ಅಂದಿರ್ಬೇಕು ಕಣೇ, ನನ್ನ ಕಣ್ಣು ಮಂಜಾಗಿರ್ಬೇಕು’ ಅಂದಳು. ಹೆಡ್‌ಮಿಸ್ಸಿನ ಕೈ ಹಿಡಿದು ಕ್ಷಮೆ ಕೇಳಿದವಳೂ ಅವಳೇ. ಅವತ್ತಿನಿಂದ ಸ್ಟೂಲು ಬಿಟ್ಟು ಹಿಂದಿನ ಮೂಲೆಗೆ ಹೋಗಿ ಕೂತಿದ್ದಾಳೆ. ಈಗ ಮೀಸೆ ಮಾಸ್ತರಿಗೆ ‘ಹಾಕಿ’ ಅನ್ನುವುದು ನಾನು.

ಕೋಟು ಹಾಳಾಗಲಿಲ್ಲ, ಹೆದರಬೇಡ. ತೋಳೇ ಇಲ್ಲದ ಉದ್ದ ವೇಸ್ಟ್‌ಕೋಟು ಮಾಡಿ ಕೊಟ್ಟೆ. ಹೆಡ್‌ಮಿಸ್ ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ, ‘ನಮ್ಮವರು ಯಾವ ಕೆಲಸಕ್ಕೂ ಕೈ ಹಾಕ್ತಿರಲಿಲ್ಲ, ಅವರ ಕೋಟಿಗೆ ತೋಳಿಲ್ಲದಿದ್ದರೆ ನಡೆಯುತ್ತೆ ಬಿಡಿ’ ಅಂದರು. ದೊಡ್ಡ ಮನಸ್ಸು. ನಿನ್ನನ್ನು ಕೇಳಿದರು, ಹೇಗಿದ್ದಾನೆ ಅಂತ.

ಆ ವಾರವೇ ಅಲ್ಲವೇನೋ ಟ್ರಯಲ್ ರೂಮಿನ ಪರದೆ ಸರಿಸಿದಾಗ ನೀನು ಸಿಕ್ಕಿದ್ದು? ಗಿರಾಕಿ ಇದ್ದಾರೆ ಎಂದುಕೊಂಡು ನಾನು ಹೊರಗೆ ಕಾಯುತ್ತಿದ್ದೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ ಅಂತ ಪರದೆ ಎಳೆದರೆ ನೀನು, ಕನ್ನಡಿಗೆ ಬೆನ್ನು ಹಾಕಿ, ಫೋನು ಹಿಡಿದುಕೊಂಡು. ಬೈಯಲು ಬಾಯಿ ತೆಗೆದಿದ್ದೆ. ನೀನೇ ಮೊದಲು ಮಾತಾಡಿದೆ. ‘ಅಕ್ಕಾ, ನಿಲ್ಸೋಕೆ ಆಗ್ತಿಲ್ಲ’ ಅಂದೆ. ಆ ಧ್ವನಿ ನಾನು ಯಾವತ್ತೂ ಮರೆಯುವುದಿಲ್ಲ. ಜ್ವರ ಬಂದ ಮಗು ನೀರು ಕೇಳಿದ ಹಾಗಿತ್ತು. ನಿನ್ನನ್ನು ಅಪ್ಪಿಕೊಂಡು ನಿಂತೆ. ಹೊರಗೆ ಯಾರೋ ‘ನಮ್ಮ ಪ್ಯಾಂಟು ಆಯ್ತಾ?’ ಅಂತ ಕೂಗಿದರು, ನಾವಿಬ್ಬರೂ ಅಳುತ್ತಲೇ ನಕ್ಕೆವು.

ಈಗ ನನ್ನ ಮುಂದೆ ನಿನ್ನ ಎರಡು ಮಾತುಗಳಿವೆ. ಕಾಗದದಲ್ಲಿ ಬರೆದ ‘ನಾನು ಜೂಜುಕೋರ ಅಲ್ಲ’ ಒಂದು, ಪರದೆಯ ಹಿಂದೆ ಹೇಳಿದ ‘ನಿಲ್ಸೋಕೆ ಆಗ್ತಿಲ್ಲ’ ಇನ್ನೊಂದು. ನಾನು ಎರಡನೆಯದನ್ನು ನಂಬುತ್ತೇನೆ. ನಿನ್ನ ಆಟದಲ್ಲಿ ಸುಳ್ಳು ಮುಖ ಹಾಕುವುದಕ್ಕೆ ಬ್ಲಫ್ ಅನ್ನುತ್ತಾರಂತಲ್ಲ, ಮೇಡಂ ಹೇಳಿದರು. ನನ್ನ ಮುಂದೆ ಅದು ನಡೆಯುವುದಿಲ್ಲ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು.

ಆದ್ದರಿಂದ ಭಾನುವಾರ ಬರುತ್ತೇನೆ, ಸಹಿ ಹಾಕಲು ಬರುವುದಿಲ್ಲ. ನಿನ್ನ ಪಕ್ಕದಲ್ಲಿ ಕೂತು ಟೀ ಕುಡಿಯಲು ಬರುತ್ತೇನೆ. ಅವರು ಹೇಳಿದಷ್ಟು ದಿನ ಅಲ್ಲಿರು. ಕೈ ಕಡಿಯುತ್ತಿದ್ದರೆ, ಮನಸ್ಸು ಆಟದ ಕಡೆಗೇ ಓಡುತ್ತಿದ್ದರೆ, ಆ ಮೇಡಮ್ಮನನ್ನು ಕೂಗು. ಮನೆಗೆ ಬಂದ ಮೇಲೆ ನನ್ನನ್ನು ಕೂಗು, ನಿನ್ನ ಹೆಂಡತಿಯನ್ನು ಕೂಗು. ಆಡುವ ಮೊದಲು ಗಟ್ಟಿಯಾಗಿ ‘ಹಾಕಲಾ?’ ಅಂತ ಕೇಳು. ‘ಬೇಡ’ ಅನ್ನಲು ನಾವಿದ್ದೇವೆ. ಎಷ್ಟು ಸಲ ಕೂಗಿದರೂ ಬೇಸರವಿಲ್ಲ. ಉಗುರು ಕತ್ತರಿಸುವಾಗಲೂ ಕೂಗುತ್ತಿದ್ದವನು, ಈಗೇನು ನಾಚಿಕೆ?

ನಿನ್ನ ಕತ್ತರಿಗೆ ಎಣ್ಣೆ ಹಾಕಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಮೀಸೆ ಮಾಸ್ತರು ಕೇಳಿದರೂ ಮುಟ್ಟಲು ಬಿಟ್ಟಿಲ್ಲ. ಮೈ ಹುಷಾರು. ಬಿಸ್ಕತ್ತುಗಳನ್ನು ಆ ಮಾಮಂದಿರಿಗೆ ವಾಪಸ್ ಕೊಡು. ನಿನ್ನ ತಲೆಯ ಮೇಲೆ ನಮ್ಮೆಲ್ಲರ ಕೈಯಿದೆ, ನೂರು ಕಾಲ ಬಾಳು.

ನಿನ್ನ ಜಗಳಗಂಟಿ,
ಅಕ್ಕ

ಮತ್ತೊಂದು ಮಾತು: ಇದನ್ನು ಬರೆಯಬೇಡ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ. ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಹೋದ ವಾರ ಅವಳೇ ಹಟ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂದಳು. ಅವರು ದೀಪ ಬಿಟ್ಟು ನೋಡಿದರು, ಅಕ್ಷರ ಓದಿಸಿದರು, ಕೊನೆಗೆ, ‘ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿರೋ ಕಣ್ಣು ಅಪರೂಪ ಅಮ್ಮಾ, ಮಂಜೂ ಇಲ್ಲ ಮಣ್ಣೂ ಇಲ್ಲ’ ಅಂತ ಖುಷಿಯಾಗಿ ಬೆನ್ನು ತಟ್ಟಿದರು. ಅಮ್ಮ ಅಂಗಡಿಗೆ ಬಂದು, ಮೂಲೆಯಲ್ಲಿ ಕೂತು, ಸೂಜಿಗೆ ದಾರ ಪೋಣಿಸಿದಳು, ಮೊದಲನೆಯ ಸಲಕ್ಕೇ ಹೋಯಿತು. ಆಗ ಅತ್ತಳು ನೋಡು. ‘ಅಯ್ಯೋ, ಕಣ್ಣು ಚೆನ್ನಾಗಿದೆ ಅಂದ್ರೆ ಯಾರಾದ್ರೂ ಅಳ್ತಾರಾ?’ ಅಂದೆ. ‘ಕೆಟ್ಟಿರ್ಲಿ ಅಂತ ಬೇಡ್ಕೊಂಡೇ ಹೋಗಿದ್ದೆ ಕಣೇ. ಕಣ್ಣು ಕೆಟ್ಟಿದ್ರೆ ಕನ್ನಡಕ ಇತ್ತು’ ಅಂದಳು.

ಭಾನುವಾರ ಅವಳೂ ಬರುತ್ತಾಳೆ. ಏನನ್ನೂ ಕೇಳುವುದಿಲ್ಲ, ಅವಳ ಸ್ವಭಾವ ನಿನಗೆ ಗೊತ್ತು. ಕೋಟು ಕತ್ತರಿಸಿದ ದಿನ ನಿಜವಾಗಿಯೂ ‘ಹಾಕಲಾ’ ಅಂತ ಅವಳನ್ನು ಕೇಳಿದ್ದೆಯೋ ಇಲ್ಲವೋ, ನೀನೇ ಅವಳಿಗೆ ಹೇಳು. ಅವಳು ಸ್ಟೂಲಿಗೆ ವಾಪಸ್ ಬಂದು ಕೂರಬೇಕು.