ರಿಜಿಸ್ಟರ್ ಕೆಳಗಿದ್ದ ಮೈಕು

ಪ್ರೀತಿಯ ಅಕ್ಕನಿಗೆ,

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುತ್ತಿದ್ದಾಳೆ, ಇವಳಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀಯ. ಕೆಟ್ಟಿಲ್ಲ. ಮೂವತ್ತು ವರ್ಷ ಬಂದರಿನ ವೈರ್‌ಲೆಸ್ ರೂಮಿನಲ್ಲಿ ಕೂತು, ಮಾತಾಡಿಯೇ ಹೊಟ್ಟೆ ಹೊರೆದವಳು ನಾನು. ಆದರೂ ಈ ಒಂದು ವಿಷಯ ಎದುರಿಗೆ ಕೂತು ಹೇಳಲು ನನ್ನಿಂದಾಗದು. ನಿನ್ನ ಮುಖ ನೋಡಿದ ಕೂಡಲೇ ಮಾತು ಬದಲಿಸಿಬಿಡುತ್ತೇನೆ. ಆದ್ದರಿಂದ ಪೂರ್ತಿ ಓದು. ಅರ್ಧಕ್ಕೇ ಎದ್ದು ಬೈಯಲು ಬರಬೇಡ.

ಹೋದ ಭಾನುವಾರ ಬಲೆ ಶೆಡ್ಡಿನಲ್ಲಿ ನೀನು ಆಡಿದ ಮಾತು ನನಗೆ ನಿದ್ದೆ ಕೊಡುತ್ತಿಲ್ಲ. ಭಾವ ತೀರಿಕೊಂಡು ಮೂರು ತಿಂಗಳಾದರೂ ಅವರ ಫೋಟೋ ಯಾಕೆ ಗೋಡೆಗೆ ಹಾಕಿಲ್ಲ ಎಂದು ನಾನು ಕೇಳಿದೆ. ಹರಿದ ಬಲೆಯಿಂದ ಕಣ್ಣೆತ್ತದೆ ನೀನು ಹೇಳಿದೆ: "ಒಂದು ಕಾಲದಲ್ಲಿ ನಾನು ಅವರ ಬಗ್ಗೆ ಏನೇನು ಅಂದ್ಕೊಂಡಿದ್ದೆ ಅಂತ ಅವರಿಗೆ ಗೊತ್ತೇ ಆಗ್ಲಿಲ್ಲ ಕಣೆ. ಗೊತ್ತಾಗಿದ್ರೆ ನನ್ನನ್ನ ಅಷ್ಟು ಚೆನ್ನಾಗಿ ನೋಡ್ಕೋತಿದ್ರಾ? ಅದೆಲ್ಲ ನಾನು ಮೋಸ ಮಾಡಿ ಪಡ್ಕೊಂಡಿದ್ದು."

ನಾನು ಸುಮ್ಮನೆ ದಾರದ ಉಂಡೆ ಸುತ್ತುತ್ತಾ ಕೂತೆ. ಬಂದರಿನವರು ನನ್ನನ್ನು ಬಾಯಿಬಡುಕಿ ಎನ್ನುತ್ತಾರೆ. ಅವತ್ತು ನನ್ನ ಬಾಯಿಗೆ ಏನಾಗಿತ್ತೋ.

ಇಪ್ಪತ್ತೆರಡು ವರ್ಷದ ಹಿಂದಿನ ಆ ಡಿಸೆಂಬರ್ ನಿನಗೆ ನೆನಪಿದೆಯಲ್ಲ? ಕ್ರಿಸ್‌ಮಸ್‌ಗೆ ಮುಂಚಿನ ಆ ಒಂದು ವಾರ ಬಂದರಿಗೆ ಏನು ಕಳೆ ಇರುತ್ತಿತ್ತು. ದಡದಲ್ಲಿದ್ದ ಬೋಟುಗಳ ಕಂಬಗಳಿಗೆ ಬಣ್ಣದ ಬಲ್ಬಿನ ಸರ ಕಟ್ಟುತ್ತಿದ್ದರು. ಐಸ್ ಫ್ಯಾಕ್ಟರಿಯವರು ಬೆಳಗಿನಿಂದ ಸಂಜೆಯವರೆಗೆ ಗಡಗಡ ಎಂದು ಐಸು ಪುಡಿ ಮಾಡುತ್ತಿದ್ದರು. ಹಬ್ಬಕ್ಕೆ ಮೀನಿಗೆ ಒಳ್ಳೆಯ ಬೆಲೆ ಎಂದು ಮೂವತ್ತು ಬೋಟುಗಳು ಕೊನೆಯ ಒಂದು ಸುತ್ತು ಹೋಗಿರುತ್ತಿದ್ದವು. ಅವು ಇಪ್ಪತ್ನಾಲ್ಕರ ಬೆಳಿಗ್ಗೆಯೊಳಗೆ ಬಂದರೆ ಹಬ್ಬ, ಇಲ್ಲದಿದ್ದರೆ ಇಲ್ಲ. ಹೆಂಗಸರೆಲ್ಲ ನನ್ನ ರೂಮಿನ ಮುಂದೆ ಸಾಲು ನಿಲ್ಲುತ್ತಿದ್ದರು, ಗಂಡಂದಿರ ಜೊತೆ ಎರಡು ಮಾತಾಡಲು. ಒಬ್ಬಳು ಮಾತಾಡಿದ್ದು ಮೂವತ್ತು ಬೋಟಿಗೂ ಕೇಳಿಸುತ್ತದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಮನಸ್ಸಿನ ಮಾತು ಆಡುತ್ತಿರಲಿಲ್ಲ. ನಲ್ಲಿ ಸೋರುತ್ತಿದೆ, ಮಗುವಿಗೆ ಹಲ್ಲು ಬಂತು, ಬರುವಾಗ ಟೋಪಿ ಮರೆಯಬೇಡಿ, ಇಷ್ಟೇ. ಗಂಡಸರು ಅದನ್ನೇ ಕಿವಿಗೊಟ್ಟು ಕೇಳುತ್ತಿದ್ದರು.

ನೀನು ಮಾತ್ರ ಆ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಭಾವನಿಗೆ ಬಂದರಿನಲ್ಲಿ 'ಸೈರನ್' ಎಂದು ಹೆಸರಿತ್ತು. ಅವರಿಗೆ ವೈರ್‌ಲೆಸ್ ಯಾತಕ್ಕೆ, ಅಲ್ಲಿಂದಲೇ ಕೂಗಿದರೆ ಇಲ್ಲಿಗೆ ಕೇಳಿಸುತ್ತದೆ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆ ದನಿಯ ಜೊತೆ ಒಂದೇ ಸೂರಿನಡಿ ಬದುಕುವುದು ಹೇಗಿರುತ್ತದೆಂದು ನಾನು ಯೋಚಿಸಿರಲಿಲ್ಲ.

ಇಪ್ಪತ್ಮೂರರ ಮಧ್ಯಾಹ್ನ, ಸಾಲೆಲ್ಲ ಕರಗಿದ ಮೇಲೆ, ನೀನು ಟೀ ಫ್ಲಾಸ್ಕ್ ಹಿಡಿದು ಬಂದೆ. ನಾನು ಕುರ್ಚಿ ಹತ್ತಿ ಕಿಟಕಿಗೆ ಕಾಗದದ ನಕ್ಷತ್ರ ಕಟ್ಟುತ್ತಿದ್ದೆ. ಮೇಜಿನ ಮೇಲೆ ಅಂಟು, ಕತ್ತರಿ, ಬಣ್ಣದ ಕಾಗದ. ಜಾಗ ಸಾಲದೆ ಹವಾಮಾನದ ದಪ್ಪ ರಿಜಿಸ್ಟರನ್ನು ಮೈಕಿನ ಮೇಲೆ ಹಾಕಿದ್ದೆ. ನೀನು ಮೇಜಿಗೆ ಬೆನ್ನು ಹಾಕಿ ಕೂತು, ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ನಿನ್ನ ಹೊಟ್ಟೆಯೊಳಗಿದ್ದುದನ್ನೆಲ್ಲ ತೋಡಿಕೊಂಡೆ.

"ಕೈ ಮಾಡಿದವರಲ್ಲ, ಕುಡಿಯೋರಲ್ಲ, ಯಾರ ಹತ್ರ ಏನಂತ ಹೇಳ್ಲಿ? ಆದ್ರೆ ಅವರು ಬರ್ತಾರೆ ಅಂದ್ರೆ ಮಕ್ಕಳ ಮುಖ ಸಣ್ಣ ಆಗುತ್ತೆ. ಚಮಚ ಬಿದ್ರೂ ಕೂಗಾಟ. ಅವರು ಸಮುದ್ರಕ್ಕೆ ಹೋದ ದಿನ ಮನೆಗೆ ಉಸಿರು ಬರುತ್ತೆ ಕಣೆ. ಈ ಸಲ ಬೋಟು ಎರಡು ದಿನ ತಡ ಆಗ್ಲಿ ಅಂತ ಬೇಡ್ಕೊಂಡೆ. ಎಂಥ ಹೆಂಗಸು ನಾನು."

ನಾನೇನು ಮಾಡಿದೆ? ನಿನ್ನನ್ನು ನಗಿಸಲು ಹೋಗಿ, ಎರಡು ದಿನ ಯಾಕೆ, ಹೊಸ ವರ್ಷಕ್ಕೇ ಬರಲಿ ಬಿಡು ಎಂದೆ. ನೀನು ಕಣ್ಣೊರೆಸಿಕೊಂಡು ನಕ್ಕೆ. ಫ್ಲಾಸ್ಕ್ ತೆಗೆದುಕೊಂಡು ಹೊರಟೆ.

ನೀನು ಹೋದ ಮೇಲೆ ರಿಜಿಸ್ಟರ್ ಎತ್ತಿದೆ. ಅದರ ಭಾರಕ್ಕೆ ಮೈಕಿನ ಬಟನ್ ಒತ್ತಿಕೊಂಡೇ ಇತ್ತು. ಅದು ಒತ್ತಿರುವಷ್ಟು ಹೊತ್ತು ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರ ಮಾತು ನಮಗೆ ಕೇಳುವುದಿಲ್ಲ. ಇವತ್ತು ಬೋಟಿನವರು ಎಷ್ಟು ಸುಮ್ಮನಿದ್ದಾರಲ್ಲ ಎಂದು ಅಷ್ಟು ಹೊತ್ತೂ ಅಂದುಕೊಂಡಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವಳು ನೀನು, ಒಡೆದವಳು ನಾನು. ಸ್ವಲ್ಪ ಹೊತ್ತು ಸ್ಪೀಕರಿನಲ್ಲಿ ಗರಗರ ಬಿಟ್ಟರೆ ಏನೂ ಇಲ್ಲ. ಆಮೇಲೆ ಎಲ್ಲರಿಗಿಂತ ಹಿರಿಯ ಕ್ಯಾಪ್ಟನ್ ದನಿ ಬಂತು, ಹವಾಮಾನ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಓದಮ್ಮ ಎಂದು. ಅಂದಿನ ಹವಾಮಾನವನ್ನು ನಾನು ಬೆಳಿಗ್ಗೆಯೇ ಎರಡು ಸಲ ಓದಿದ್ದೆ. ಆದರೂ ಓದಿದೆ. ಒಂದೊಂದೇ ಬೋಟು ಸರಿ, ಸರಿ ಎಂದು ಉತ್ತರ ಕೊಟ್ಟಿತು. ಭಾವನ ಬೋಟು ಎಲ್ಲರಿಗಿಂತ ಕೊನೆಗೆ. ಅವರ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮರುದಿನ ಬೆಳಿಗ್ಗೆ ಭಾವ ತೆರೆದೇ ಇದ್ದ ಬಾಗಿಲ ಮುಂದೆ ನಿಂತು, ಬಾಗಿಲು ತಟ್ಟಿ, ಬರಲಾ ಎಂದು ಕೇಳಿದರಂತೆ. ಹುಷಾರಿಲ್ಲವೇನೋ ಎಂದು ನೀನು ಹಣೆ ಮುಟ್ಟಿ ನೋಡಿದೆಯಂತೆ. ಹಬ್ಬದ ದಿನ ನಿನ್ನ ಚಿಕ್ಕ ಮಗಳು ಹೊಸ ಮೇಜುಬಟ್ಟೆಯ ಮೇಲೆ ಸಾರು ಚೆಲ್ಲಿದಾಗ ಎಲ್ಲರೂ ಉಸಿರು ಬಿಗಿಹಿಡಿದರೆ, ಅವರೇ ಎದ್ದು ಒರೆಸುವ ಬಟ್ಟೆ ತಂದರಂತೆ. ಸೈರನ್ನಿನ ಬ್ಯಾಟರಿ ಇಳಿದಿದೆ ಎಂದು ನೀನೇ ನನಗೆ ಹೇಳಿ ನಕ್ಕಿದ್ದೆ. ಒಮ್ಮೊಮ್ಮೆ ಹಳೆಯ ದನಿ ಏರುತ್ತಿತ್ತು, ನಿಜ. ಅರ್ಧಕ್ಕೇ ನಿಲ್ಲಿಸಿ ಅಂಗಳಕ್ಕೆ ಹೋಗುತ್ತಿದ್ದರು. ಸಮುದ್ರ ನನಗೆ ಬೇರೆಯದೇ ಗಂಡನನ್ನು ವಾಪಸ್ಸು ಕೊಟ್ಟಿದೆ ಎಂದು ನೀನು ಎಷ್ಟು ವರ್ಷ ಹೇಳುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ.

ಹಬ್ಬದ ಮಾರನೆಯ ದಿನ ಭಾವ ನನ್ನ ರೂಮಿಗೆ ಬಂದಿದ್ದರು. ಕಾಲಿಗೆ ಬೀಳಲು ಹೋದೆ, ತಡೆದರು. "ಅವಳಿಗೆ ಹೇಳ್ಬೇಡಮ್ಮ," ಎಂದರು. "ನಾನು ಕೇಳಿಸ್ಕೊಂಡೆ ಅಂತ ಗೊತ್ತಾದ್ರೆ, ಇನ್ಮೇಲೆ ನಾನು ಏನೇ ಒಳ್ಳೇದು ಮಾಡಿದ್ರೂ ಅವಳಿಗೆ ಚುಚ್ಚುತ್ತೆ." ಆಣೆ ಹಾಕಿಸಿಕೊಂಡರು. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಸಂಜೆಯೊಳಗೆ ಊರೆಲ್ಲ ಸುದ್ದಿ ಮಾಡುವ ಗಂಡಸರು ನಮ್ಮ ಬೋಟಿನವರು, ಅಕ್ಕ. ಮೂವತ್ತು ಬೋಟಿನವರಲ್ಲಿ ಒಬ್ಬನೂ ಇದುವರೆಗೆ ತುಟಿ ಬಿಚ್ಚಿಲ್ಲ. ತುಟಿ ಬಿಚ್ಚುತ್ತಿರುವವಳು ನಾನೇ ಮೊದಲು.

ಹೋದ ವರ್ಷ ಇದೇ ಸಮಯಕ್ಕೆ ಐಸ್ ಫ್ಯಾಕ್ಟರಿ ಪಕ್ಕದ ಬೆಂಚಿನ ಮೇಲೆ ಭಾವ ಬಿಸಿಲು ಕಾಯುತ್ತಾ ಕೂತಿದ್ದರು. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಅವತ್ತು ನಿಮಗೆ ಕೋಪ ಬರಲಿಲ್ಲವಾ ಎಂದು. ಬಂದಿತ್ತು ಎಂದರು. ಸಮುದ್ರದಲ್ಲೇ ಎರಡು ದಿನ ಹೆಚ್ಚಿಗೆ ಇದ್ದುಬಿಡೋಣ ಎಂದು ಬೋಟು ತಿರುಗಿಸಿಯೂ ಇದ್ದರಂತೆ. ಆಮೇಲೆ ಹೇಳಿದರು: "ಅವಳು ಬೇಡ್ಕೊಂಡಿದ್ದು ಆ ಕೂಗಾಡೋನು ಬರೋದು ಬೇಡ ಅಂತ. ಅವನನ್ನ ಅಲ್ಲೇ ಬಿಟ್ಟು ನಾನೊಬ್ನೇ ಮನೆಗೆ ಹೋಗೋಣ ಅನ್ನಿಸ್ತು."

ಮೋಸ ಮಾಡಿ ಪಡೆದೆ ಎಂದು ಇನ್ನೊಮ್ಮೆ ಹೇಳಬೇಡ, ಅಕ್ಕ. ನಿನ್ನ ಒಳಗಿನ ಅತ್ಯಂತ ಕಹಿ ಮಾತನ್ನು ನಿನ್ನ ಬಾಯಿಂದಲೇ ಕೇಳಿಸಿಕೊಂಡು, ಆಮೇಲೆ ಇಪ್ಪತ್ತೆರಡು ವರ್ಷ ಅವರು ನಿನ್ನ ಜೊತೆ ಬಾಳಿದರು. ಎಲ್ಲ ಗೊತ್ತಿದ್ದೂ ಬಾಳಿದರು. ನೀನು ಅವರಿಂದ ಏನನ್ನೂ ಕದ್ದಿಲ್ಲ.

ಆಣೆ ಮುರಿದದ್ದಕ್ಕೆ ಭಾವ ನನ್ನನ್ನು ಕ್ಷಮಿಸಲಿ. ನೀನು ಎಷ್ಟು ದಿನ ಬೇಕಾದರೂ ನನ್ನ ಜೊತೆ ಮಾತು ಬಿಡು, ಕಾಯುತ್ತೇನೆ. ಆದರೆ ಫೋಟೋ ಇವತ್ತೇ ಗೋಡೆಗೆ ಹಾಕು. ಈ ಹಬ್ಬದಲ್ಲಿ ಅವರ ಎದುರು ತಲೆಯೆತ್ತಿ ನಿಲ್ಲು. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ, ನೂರು ವರ್ಷ ತಣ್ಣಗೆ ಬಾಳು.

ನಿನ್ನ ಬಾಯಿಬಡುಕಿ ತಂಗಿ