ಕಲ್ಲಿನ ಮೇಲಿನ ವಾಕ್ಯ

ಭಾನುವಾರ, ಸಂಜೆ

ಪ್ರೀತಿಯ ಅಕ್ಕನಿಗೆ, ನಿಮ್ಮ ಸೋಡಾಬುಡ್ಡಿಯ ನಮಸ್ಕಾರ.

ಹೊಸ ಪ್ರಯೋಗಾಲಯಕ್ಕೆ ನಿಮ್ಮ ತಾಯಿ, ನಮ್ಮ ಮೇಡಂ ಅವರ ಹೆಸರಿಡುವ ಕಾರ್ಯಕ್ರಮ ಹತ್ತಿರ ಬಂತು, ಬಾಗಿಲ ಕಲ್ಲಿನ ಮೇಲೆ ಕೆತ್ತಿಸಲು ಒಂದು ವಾಕ್ಯ ಬರೆದುಕೊಡು ಎಂದು ಕೇಳಿದ್ದಿರಿ. ಮತ್ತೆ ಜ್ಞಾಪಿಸಿಯೂ ಇದ್ದಿರಿ. ನಾನು ಸೋಮಾರಿತನ ಮಾಡಲಿಲ್ಲ ಅಕ್ಕ. ಆ ವಾಕ್ಯ ಬರೆಯಲು ನನ್ನಿಂದ ಆಗುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಮೇಡಂ ಅವರನ್ನು ನೋಡಲು ಪ್ರತಿ ಭಾನುವಾರ ಆರೈಕೆ ಮನೆಗೆ ಹೋದಾಗ ಏನಾದರೂ ಓದಿ ಹೇಳುತ್ತೇನೆ. ಅವರು ನನ್ನನ್ನು ಗುರುತು ಹಿಡಿಯುವುದು ಯಾವಾಗಲೋ ನಿಂತಿತು. ಈಗ ನಾನು ಬರೀ 'ಓದೋ ಹುಡುಗಿ'. ಜೀವನವಿಡೀ ಮರೆವಿನ ರೋಗದ ಬೆನ್ನು ಹತ್ತಿದವರನ್ನು ಅದೇ ರೋಗ ಹಿಡಿಯಿತಲ್ಲ ಎಂದು ಜನ ಮರುಗಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಹಗೆ ಸಾಧಿಸುವಷ್ಟು ಬುದ್ಧಿ ರೋಗಕ್ಕೆ ಎಲ್ಲಿದೆ?

ಹೋದ ತಿಂಗಳು ಅವರ ಹೆಸರಾಂತ ಲೇಖನವನ್ನೇ ಒಯ್ದೆ. ಅಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಒಂದು ಪ್ರೋಟೀನ್ ಎಲ್ಲಕ್ಕಿಂತ ಮೊದಲು ಬರಿದಾಗುತ್ತದೆ ಎಂದು ತೋರಿಸಿಕೊಟ್ಟ ಲೇಖನ. ಕಲ್ಲಿನ ಮೇಲೆ ನೀವು ಬೇಕೆಂದದ್ದೂ ಆ ಶೋಧದ ಮಾತೇ. ಕೇಳಿದರೆ ಏನಾದರೂ ನೆನಪಾದೀತು ಎಂಬ ಆಸೆ ನನಗೆ. ಹಿಂದೆ ನಮ್ಮ ಲೇಖನಗಳನ್ನು ಕೇಳುತ್ತಿದ್ದ ಹಾಗೇ ಕಣ್ಣು ಮುಚ್ಚಿ ಕೇಳಿದರು. ತಮ್ಮದೆಂದು ಗೊತ್ತಾಗಲಿಲ್ಲ. ಬರೆದವಳು ಬುದ್ಧಿವಂತೆ, ಆದರೆ ಆತುರಗಾರ್ತಿ ಎಂದರು. ಆಮೇಲೆ ಕಣ್ಣು ತೆರೆದು ಕೇಳಿದರು: “ರೋಗಿಗಳ ಮಿದುಳು ಎಲ್ಲಿಂದ ಬರ್ತಿತ್ತು? ರೋಗ ಇಲ್ಲದವರದ್ದು ಎಲ್ಲಿಂದ?”

ರೋಗವಿಲ್ಲದವರದ್ದು ಪಕ್ಕದ ಆಸ್ಪತ್ರೆಯಿಂದ, ಪ್ರಾಣ ಹೋದ ಸ್ವಲ್ಪ ಹೊತ್ತಿಗೇ ಬರುತ್ತಿತ್ತು. ರೋಗಿಗಳದ್ದು ದೂರದೂರದ ಮನೆಗಳಿಂದ, ಮನೆಯವರು ಅತ್ತು, ಯೋಚಿಸಿ, ಒಪ್ಪಿಗೆ ಕೊಟ್ಟ ಮೇಲೆ ಗಾಡಿಯಲ್ಲಿ ಬರುತ್ತಿತ್ತು. ಆ ಪ್ರೋಟೀನ್ ರೋಗದಿಂದ ಬರಿದಾಯಿತೋ, ದಾರಿಯಲ್ಲಿ ಕೆಟ್ಟುಹೋಯಿತೋ? ಇಷ್ಟು ವರ್ಷ ನಾವ್ಯಾರೂ ಕೇಳಿರಲಿಲ್ಲ. ಮೇಡಂ ಹೇಳಿದ್ದೆಂದರೆ ನಮಗೆ ವೇದವಾಕ್ಯ.

ಶೈತ್ಯಾಗಾರದಲ್ಲಿದ್ದ ಹಳೆಯ ಮಾದರಿಗಳನ್ನು ತೆಗೆಸಿದೆ. ಸಾವಿನ ನಂತರ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ನಮ್ಮನ್ನು ತಲುಪಿದವುಗಳನ್ನು ಮಾತ್ರ ಹೋಲಿಸಿ ನೋಡಿದೆ. ಅವರ ಅನುಮಾನ ಸುಳ್ಳಾಗಲಿ ಎಂದು ಹಾರೈಸುತ್ತಲೇ ನೋಡಿದೆ. ರೋಗಿಗಳಿಗೂ ರೋಗವಿಲ್ಲದವರಿಗೂ ವ್ಯತ್ಯಾಸ ಉಳಿಯಲಿಲ್ಲ.

ನಿಮಗೆ ಹೇಗಾಗುತ್ತದೆಂದು ನನಗೆ ಗೊತ್ತು. ಅವರಿಂದ ಎಲ್ಲವೂ ಹೋಗಿ ಹೆಸರೊಂದು ಉಳಿದಿದೆ, ಅದಕ್ಕೂ ಈ ಸೋಡಾಬುಡ್ಡಿ ಕೈ ಹಾಕಿದಳು, ಉಂಡ ಮನೆಯ ಜಂತೆ ಎಣಿಸಿದಳು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಸುಮ್ಮನಿರೋಣವೆಂದರೆ, ಆ ಪ್ರೋಟೀನನ್ನು ತುಂಬಿಕೊಡುವ ಔಷಧವನ್ನು ರೋಗಿಗಳ ಮೇಲೆ ಪ್ರಯೋಗಿಸಲು ಸಿದ್ಧತೆ ನಡೆದಿದೆ. ಅವರೂ ಯಾರದೋ ಅಮ್ಮಂದಿರು.

ಲೇಖನ ಅಚ್ಚಾದ ಪತ್ರಿಕೆಗೆ ಕಳಿಸಲು ತಿದ್ದುಪಡಿ ಬರೆದಿಟ್ಟಿದ್ದೇನೆ. ತಪ್ಪು ಹಿಡಿದವರೆಂದು ಮೊದಲ ಹೆಸರು ಮೇಡಂ ಅವರದೇ. ಅವರ ಪರವಾಗಿ ಸಹಿ ಹಾಕಬೇಕಾದವರು ನೀವು. ಹಾಕದಿದ್ದರೆ ನನ್ನೊಬ್ಬಳ ಹೆಸರಿನಲ್ಲಿ ಕಳಿಸಬೇಕಾಗುತ್ತದೆ. ಆಗ ಗುರುವಿನ ತಪ್ಪನ್ನು ಶಿಷ್ಯೆ ಹಿಡಿದಳು ಎಂದು ಜನ ಹೇಳುತ್ತಾರೆ, ಅದು ಶುದ್ಧ ಸುಳ್ಳು. ಕಲ್ಲಿನ ಮೇಲೆ ಅವರ ಹೆಸರಷ್ಟೇ ಸಾಕು ಎಂದು ನನಗನ್ನಿಸುತ್ತದೆ.

ನಿಮ್ಮ ಉತ್ತರ ಬರುವವರೆಗೆ ನನಗೆ ನೆಮ್ಮದಿಯಿಲ್ಲ.

ನೀವೇ ಹೆಸರಿಟ್ಟ,
ಸೋಡಾಬುಡ್ಡಿ

ತಾ.ಕ.: ಇದನ್ನು ಬರೆಯುವುದು ಬೇಡ ಎಂದುಕೊಂಡಿದ್ದೆ. ಇವತ್ತು ಮೇಡಂ ಅವರಿಗೆ, ‘ನೀವು ಹೇಳಿದ್ದೇ ಸರಿ, ಆ ಲೇಖನ ತಪ್ಪು’ ಎಂದು ತಿಳಿಸಿದೆ. ಗೆದ್ದೆ ಎಂದು ನಗುತ್ತಾರೇನೋ ಎಂದುಕೊಂಡರೆ ಮುಖ ಸಣ್ಣದು ಮಾಡಿಕೊಂಡರು. “ಪ್ರಿಂಟ್ ಆಗೋ ಮುಂಚೆ ಬರೆದವಳಿಗೆ ಹೇಳಮ್ಮ. ಬೇರೆಯವರ ಬಾಯಿಂದ ಕೇಳಿದ್ರೆ ತುಂಬಾ ನೊಂದ್ಕೋತಾಳೆ” ಎಂದರು. ಹೇಳಿದ್ದೇನೆ ಮೇಡಂ ಎಂದೆ. ಏನಂದಳು ಎಂದು ಕೇಳಿದರು. ಒಪ್ಪಿಕೊಂಡರು ಎಂದೆ.

“ಹಾಗಾದ್ರೆ ಒಳ್ಳೆಯವಳೇ” ಎಂದು ಸಮಾಧಾನದಿಂದ ಕಣ್ಣು ಮುಚ್ಚಿದರು.