ಅಣ್ಣನ ಬ್ಯಾಂಜೋ, ನನ್ನ ಹೆಬ್ಬೆರಳು

ಪ್ರೀತಿಯ ಅಣ್ಣ,

ಎದುರಿಗೆ ಕೂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತಿಗೆ ನಿನ್ನ ಕಿವಿಯ ಹತ್ತಿರ ಓದುತ್ತಾರೆ. ನಿನಗೆ ಕೇಳಿಸುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ.

ಮೊದಲ ಸಲ ಲಕ್ವ ಹೊಡೆದು ನಿನ್ನ ಬಲಗೈ ಬಿದ್ದುಹೋದಾಗ, ಬ್ಯಾಂಜೋವನ್ನು ಕಣ್ಣಿಗೆ ಕಾಣದ ಹಾಗೆ ಬೀರುವಿನ ಮೇಲಿಟ್ಟವಳು ನಾನೇ. ನೀನೇ ಇಳಿಸಲು ಹೇಳಿದೆ. "ಎಡಗೈ ನಂದು, ಬಲಗೈ ನಿಂದು. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀವಿ" ಅಂದೆ. ಬ್ಯಾಂಜೋದ ಕತ್ತಿನ ಮೇಲೆ ತಂತಿ ಒತ್ತಿ ಸ್ವರ ಹಿಡಿಯುವುದು ನಿನ್ನ ಎಡಗೈ, ಮೀಟುವುದು ನನ್ನ ಬಲಗೈ. ಲಿಫ್ಟ್ ರಿಪೇರಿ ಮಾಡುತ್ತಿದ್ದ ನಿನಗೆ ಎಲ್ಲದಕ್ಕೂ ಬದಲಿ ಭಾಗ ಸಿಗುತ್ತದೆಂಬ ನಂಬಿಕೆ.

ನನ್ನ ಬೆರಳುಗಳೋ, ಪುಸ್ತಕ ಬೈಂಡ್ ಮಾಡಿ ಮಾಡಿ ಮರಗಟ್ಟಿದಂಥವು. ಕೈಯನ್ನು ಪಂಜದಂತೆ ಮಡಚಿ, ಉಗುರಿನಿಂದ ತಂತಿಯನ್ನು ಕೆಳಕ್ಕೆ ಹೊಡೆಯುವುದು ವಾರಕ್ಕೇ ಬಂತು. ಹೆಬ್ಬೆರಳು ಮಾತ್ರ ಬಗ್ಗಲಿಲ್ಲ. ಪ್ರತಿ ಹೊಡೆತಕ್ಕೂ ಅದು ಎಲ್ಲಕ್ಕಿಂತ ಮೇಲಿರುವ ಗಿಡ್ಡನೆಯ ಐದನೇ ತಂತಿಯ ಮೇಲೆ ಕೂರಬೇಕು, ಕೈ ಏಳುವಾಗ ಮೀಟಿ ಬಿಡಬೇಕು. ನನ್ನದು ಯಾವಾಗಲೂ ತಡ. "ಶಬ್ದ ಬೇಡವಾದಾಗ್ಲೂ ಅಲ್ಲಿ ಹೋಗಿ ಕೂರ್ಲಿ. ಡ್ಯೂಟಿಗೆ ಹೋದವ್ನು ಕೆಲ್ಸ ಇಲ್ಲ ಅಂತ ಮನೆಗೆ ಬರ್ತಾನಾ?" ಎಂದು ನೀನು ತೊದಲುತ್ತಲೇ ನಗುತ್ತಿದ್ದೆ.

ಒಂದು ಮಧ್ಯಾಹ್ನ ಕಣ್ಣಿಗೆ ಬಿತ್ತು: ನನ್ನ ತಪ್ಪು ತಿಳಿಯದಿರಲಿ ಎಂದು ನಿನ್ನ ಎಡಗೈ ನನಗಾಗಿ ಕಾಯುತ್ತಿತ್ತು. ನಿನ್ನ ಹಾಡನ್ನೇ ನೀನು ಕುಂಟಿಸುತ್ತಿದ್ದೆ. ನನಗೆ ಅವಮಾನವಾಯಿತು. "ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೋ" ಎಂದು ಎದ್ದು ಹೋದೆ.

ಮೂರು ವಾರ ನಿಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆದರೆ ಬೈಂಡಿಂಗ್ ಮೇಜಿನ ಅಂಚಿಗೆ ಹೊಲಿಗೆಯ ದಾರ ಬಿಗಿದು ಹೆಬ್ಬೆರಳನ್ನು ಪಳಗಿಸುತ್ತಲೇ ಇದ್ದೆ. ಸರಿಹೋದ ಮೇಲೇ ಬಂದು ಮುಖ ತೋರಿಸುತ್ತೇನೆಂಬ ಹಟ.

ಸರಿಹೋಯಿತು, ಅಣ್ಣ. ಅದೇ ವಾರ ನಿನಗೆ ಎರಡನೇ ಸಲ ಹೊಡೆಯಿತು.

ನಿನ್ನೆ ಬ್ಯಾಂಜೋ ಹಿಡಿದು ನಿನ್ನ ಹಾಸಿಗೆಯ ಪಕ್ಕ ಕೂತೆ. ನಿನ್ನ ಎಡಗೈ ಎತ್ತಿ ಅದರ ಕತ್ತಿನ ಮೇಲಿಟ್ಟೆ, ಜಾರಿತು. ಮತ್ತೆ ಇಟ್ಟೆ. ಅತ್ತಿಗೆ, "ಬಿಡಮ್ಮ, ಸಾಕು" ಅಂದರು. ಒಬ್ಬಳೇ ನುಡಿಸಿದೆ. ಹೆಬ್ಬೆರಳು ಒಮ್ಮೆಯೂ ತಪ್ಪಲಿಲ್ಲ. ಎಡಗೈಯ ಕೆಲಸ ನಾನು ಕಲಿತವಳಲ್ಲ, ಹಾಗಾಗಿ ಹಾಡಿರಲಿಲ್ಲ, ಬರೀ ತಾಳ. ನೀನು ಗೋಡೆ ನೋಡುತ್ತಿದ್ದೆ.

ನಿನಗೆ ನನ್ನ ಆ ತಪ್ಪು ನುಡಿಸಾಣಿಕೆಯೇ ಸಾಕಿತ್ತು. ನನಗೆ ಸಾಕಾಗಲಿಲ್ಲ. ಕ್ಷಮಿಸು ಎಂದು ಕೇಳಿದರೂ, ಆಗಲಿ ಅನ್ನಲು ಈಗ ನಿನಗೆ ಮಾತಿಲ್ಲ.

ನಿನ್ನ ಮೈಗೆ ನೋವೊಂದೂ ತಾಗದಿರಲಿ.

ನಿನ್ನ ತಂಗಿ